‘ಸಿ’ ಲೀಗ್‌ನ ತಂಡಗಳಿಗೂ ಹೆಚ್ಚು ಪಂದ್ಯ ಸಿಗಲಿ

ಮಾನ್ಯ ಸಂಪಾದಕರೇ,

ಯುರೋಪಿನ ಮಹಿಳಾ ನೇಷನ್ಸ್ ಲೀಗ್ ಫುಟ್‌ಬಾಲ್ ಟೂರ್ನಿಯ ಮಾದರಿ ವಿಪರೀತ ಗೋಜಲು ಎಂಬ ದೂರು ಆಗಾಗ ಕೇಳಿಬರುತ್ತದೆ. ಬಲದ ಕ್ರಮದಲ್ಲಿ ‘ಎ’, ‘ಬಿ’, ‘ಸಿ’ ಎಂಬ ಮೂರು ಲೀಗ್‌ಗಳು, ಅವುಗಳೊಳಗೆ ಗುಂಪುಗಳು, ಮೇಲೇರುವವರು, ಕೆಳಗಿಳಿಯುವವರು, ನಡುವೆ ಪ್ಲೇಆಫ್ ಎಂದರೆ ಮೊದಲ ಓದಿಗೆ ತಲೆ ತಿರುಗುವುದು ಸಹಜವೇ. ಆದರೆ ಈ ಗದ್ದಲದಲ್ಲಿ ಮಾದರಿಯ ನಿಜವಾದ ಕೊರತೆ ಮರೆಯಾಗುತ್ತಿದೆ. ಅದು ಇರುವುದು ಎಲ್ಲರೂ ನೋಡುವ ‘ಎ’ ಲೀಗ್‌ನಲ್ಲಲ್ಲ, ಹೆಚ್ಚು ಜನ ತಿರುಗಿಯೂ ನೋಡದ ‘ಸಿ’ ಲೀಗ್‌ನಲ್ಲಿ.

ಈ ಏರ್ಪಾಡು ಏಕೆ ಬೇಕಾಯಿತು ಎಂಬುದನ್ನು ನೆನಪಿಸಿಕೊಳ್ಳೋಣ. 2021ರ ನವೆಂಬರ್‌ನಲ್ಲಿ ಡಾಂಕಾಸ್ಟರ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಇಂಗ್ಲೆಂಡ್ ತಂಡವು ಲಾಟ್ವಿಯಾವನ್ನು 20–0ರಿಂದ ಸೋಲಿಸಿತು. ಅಂದು ಇಂಗ್ಲೆಂಡ್‌ನ ನಾಲ್ವರು ಆಟಗಾರ್ತಿಯರು ಹ್ಯಾಟ್ರಿಕ್ ಹೊಡೆದರು. ಅದೇ ತಿಂಗಳು ಬೆಲ್ಜಿಯಂ 19–0ರಿಂದ ಅರ್ಮೇನಿಯಾವನ್ನು ಮಣಿಸಿತ್ತು. ಆ ಅರ್ಹತಾ ಸುತ್ತಿನ ಹತ್ತೂ ಪಂದ್ಯಗಳನ್ನು ಗೆದ್ದ ಇಂಗ್ಲೆಂಡ್ 80 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಇಂಥ ಪಂದ್ಯದಿಂದ ಸೋತವರು ಕಲಿಯುವುದೇನೂ ಇಲ್ಲ, ಗೆದ್ದವರು ಕಲಿಯುವುದು ಇನ್ನೂ ಕಡಿಮೆ. ಸಮಬಲದವರನ್ನು ಸಮಬಲದವರ ಎದುರೇ ಆಡಿಸಬೇಕೆಂಬ ಯೋಚನೆ 2023ರಲ್ಲಿ ಮಹಿಳಾ ನೇಷನ್ಸ್ ಲೀಗ್ ಆಗಿ ಜಾರಿಗೆ ಬಂತು. ಮೊದಲ ಆವೃತ್ತಿಯ 51 ತಂಡಗಳಲ್ಲಿ ‘ಎ’ ಮತ್ತು ‘ಬಿ’ ಲೀಗ್‌ಗಳಿಗೆ ತಲಾ 16, ‘ಸಿ’ ಲೀಗ್‌ಗೆ 19 ಸೇರಿದವು.

ಮೇಲಿನ ಹಂತದಲ್ಲಿ ಇದರ ಫಲ ಕೂಡಲೇ ಕಂಡಿತು. ಆಗಷ್ಟೇ ವಿಶ್ವಕಪ್ ಫೈನಲ್ ಆಡಿ ಬಂದಿದ್ದ ಇಂಗ್ಲೆಂಡ್ ತನ್ನ ಗುಂಪಿನಲ್ಲಿ ನೆದರ್ಲೆಂಡ್ಸ್‌ಗೂ ಸೋತಿತು, ಬೆಲ್ಜಿಯಂಗೂ ಸೋತಿತು. 2023ರ ಡಿಸೆಂಬರ್ 5ರ ರಾತ್ರಿ ಗುಂಪಿನ ಕೊನೆಯ ಪಂದ್ಯಗಳು ಒಟ್ಟಿಗೇ ನಡೆದವು. ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡ್ ವಿರುದ್ಧ 6–0ರಿಂದ ಗೆದ್ದರೂ, ಅತ್ತ ಬೆಲ್ಜಿಯಂ ವಿರುದ್ಧ ನೆದರ್ಲೆಂಡ್ಸ್‌ನ ಡಾಮರಿಸ್ ಎಗುರೋಲಾ ಇಂಜುರಿ ಅವಧಿಯಲ್ಲಿ ಎರಡು ಗೋಲು ಹೊಡೆದು ಗೆಲುವನ್ನು 4–0ಕ್ಕೆ ಏರಿಸಿದರು. ಇಬ್ಬರಿಗೂ 12 ಅಂಕ; ಗೋಲು ವ್ಯತ್ಯಾಸ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರ) ನೆದರ್ಲೆಂಡ್ಸ್‌ಗೆ 8, ಇಂಗ್ಲೆಂಡ್‌ಗೆ 7. ಒಲಿಂಪಿಕ್ಸ್‌ಗೆ ಯುರೋಪಿನ ಅರ್ಹತೆಯೂ ಇದೇ ಟೂರ್ನಿಯಿಂದ ನಿರ್ಧಾರವಾಗುತ್ತಿತ್ತು, ಬ್ರಿಟನ್ ಪರವಾಗಿ ಇಂಗ್ಲೆಂಡ್ ಕಣದಲ್ಲಿತ್ತು; ಆ ಒಂದು ಗೋಲಿನಿಂದ ಬ್ರಿಟನ್ನಿಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. ಗೋಲು ವ್ಯತ್ಯಾಸದ ಬದಲು ಪರಸ್ಪರ ಪಂದ್ಯಗಳ ಫಲಿತಾಂಶವನ್ನೇ ಮೊದಲು ನೋಡಬೇಕಿತ್ತು ಎಂದು ವಾದಿಸುವವರು ಒಂದನ್ನು ಗಮನಿಸಬೇಕು: ಇಬ್ಬರೂ ಒಂದೊಂದು ಪಂದ್ಯ ಗೆದ್ದಿದ್ದರು, ಎರಡೂ ಸೇರಿ ಗೋಲುಗಳು 4–4ರಲ್ಲಿ ಸಮವಾಗಿದ್ದವು. ನಿಯಮ ಬದಲಾಗಿದ್ದರೂ ಲೆಕ್ಕ ತಿರುಗಿ ಅಲ್ಲಿಗೇ ಬರುತ್ತಿತ್ತು.

ಮೇಲಿನ ಲೀಗ್‌ನ ದೋಷಗಳನ್ನು ತಿದ್ದುವುದರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ತಡಮಾಡಿಲ್ಲ. ಮೊದಲ ಆವೃತ್ತಿಯ ಸೆಮಿಫೈನಲ್ ಮತ್ತು ಫೈನಲ್ ಒಂದೊಂದೇ ಪಂದ್ಯವಾಗಿದ್ದು, ಸ್ಪೇನ್ ತಂಡವು ತನ್ನದೇ ನೆಲದ ಸೆವಿಲ್‌ನಲ್ಲಿ ಫ್ರಾನ್ಸನ್ನು 2–0ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. 2025ರಲ್ಲಿ ಈ ಹಂತಗಳನ್ನು ತವರಿನಲ್ಲೊಂದು, ಎದುರಾಳಿಯ ಅಂಗಳದಲ್ಲೊಂದು ಎಂದು ಎರಡು ಲೆಗ್‌ಗಳಿಗೆ ಬದಲಿಸಲಾಯಿತು. ಈ ಬಾರಿಯೂ ಸ್ಪೇನ್ ಗೆದ್ದಿತು. ಆದರೆ ಜರ್ಮನಿಯ ಕೈಸರ್ಸ್‌ಲೌಟರ್ನ್‌ನಲ್ಲಿ 0–0 ಡ್ರಾ ಮಾಡಿಕೊಂಡು, ಮ್ಯಾಡ್ರಿಡ್‌ನಲ್ಲಿ 3–0ರಿಂದ ಗೆಲ್ಲಬೇಕಾಯಿತು.

‘ಸಿ’ ಲೀಗ್‌ಗೆ ಮಾತ್ರ ಈ ಕಾಳಜಿ ತಲುಪಿಲ್ಲ. 2025ರಲ್ಲಿ ಜಿಬ್ರಾಲ್ಟರ್ ಮತ್ತು ಲಿಚ್ಟೆನ್‌ಸ್ಟೈನ್ ಸೇರಿ ತಂಡಗಳು 53 ಆದಾಗ, ಹೆಚ್ಚಿದ ಎರಡೂ ಜಾಗ ‘ಸಿ’ಗೇ ಬಂದು ಅಲ್ಲಿ 21 ತಂಡಗಳಾದವು. ಅವನ್ನು ನಾಲ್ಕರ ಮೂರು ಗುಂಪು, ಮೂರರ ಮೂರು ಗುಂಪು ಎಂದು ಹಂಚಲಾಯಿತು. ನಾಲ್ಕು ತಂಡಗಳ ಗುಂಪಿನಲ್ಲಿ ಪ್ರತಿ ತಂಡಕ್ಕೆ ಆರು ಪಂದ್ಯ, ಮೂರರ ಗುಂಪಿನಲ್ಲಿ ನಾಲ್ಕೇ. ಅಂದರೆ ಪಂದ್ಯಗಳ ಅಗತ್ಯ ಅತಿ ಹೆಚ್ಚಿರುವ ಒಂಬತ್ತು ತಂಡಗಳಿಗೆ ಎಲ್ಲರಿಗಿಂತ ಕಡಿಮೆ ಪಂದ್ಯ. ಕ್ಲಬ್‌ಗಳು ಆಟಗಾರ್ತಿಯರನ್ನು ದೇಶಕ್ಕಾಗಿ ಬಿಟ್ಟುಕೊಡುವ ಅವಧಿಗಳೇ ವರ್ಷದಲ್ಲಿ ಕೆಲವು; ಅವುಗಳಲ್ಲೂ ಸುಮ್ಮನೆ ಕೂರುವ ತಂಡ ಬೆಳೆಯುವುದು ಹೇಗೆ? ನಾಲ್ಕು ಪಂದ್ಯಗಳಲ್ಲಿ ಒಂದು ದಿನ ಎಡವಿದರೆ ಬಡ್ತಿಯ ಆಸೆ ಬಹುಪಾಲು ಮುಗಿದಂತೆಯೇ. 2027ರ ವಿಶ್ವಕಪ್‌ನ ಅರ್ಹತಾ ಸುತ್ತನ್ನೂ ಇದೇ ಮೂರು ಲೀಗ್‌ಗಳ ಮೇಲೆ ಕಟ್ಟಿ, ‘ಎ’ ಲೀಗ್‌ನ ನಾಲ್ಕು ಗುಂಪುಗಳ ವಿಜೇತರಿಗೆ ಮಾತ್ರ ನೇರ ಪ್ರವೇಶ ಕೊಟ್ಟಿರುವಾಗ, ಕೆಳಗೆ ಸಿಕ್ಕಿಕೊಳ್ಳುವುದರ ಬೆಲೆ ಸಣ್ಣದಲ್ಲ.

ಪರಿಹಾರದ ಒಂದು ಎಳೆ ಯುಇಎಫ್‌ಎ ಬಳಿಯೇ ಇದೆ. ಮಹಿಳೆಯರ ಚಾಂಪಿಯನ್ಸ್ ಲೀಗ್‌ನಲ್ಲಿ 2025–26ರ ಋತುವಿನಿಂದ ಗುಂಪುಗಳನ್ನು ಕೈಬಿಟ್ಟು 18 ಕ್ಲಬ್‌ಗಳನ್ನು ಒಂದೇ ಅಂಕಪಟ್ಟಿಯಲ್ಲಿ ಇಡಲಾಗಿದೆ. ಪ್ರತಿ ಕ್ಲಬ್ ಆರು ಬೇರೆ ಬೇರೆ ಎದುರಾಳಿಗಳೊಂದಿಗೆ, ಮೂರು ಪಂದ್ಯ ತವರಿನಲ್ಲಿ, ಮೂರು ಹೊರಗೆ ಆಡುತ್ತದೆ. ‘ಸಿ’ ಲೀಗ್‌ನ 21 ತಂಡಗಳನ್ನೂ ಹೀಗೆ ಒಂದೇ ಪಟ್ಟಿಗೆ ತಂದರೆ ಪ್ರತಿ ಸುತ್ತಿಗೆ ಹತ್ತು ಪಂದ್ಯಗಳಾಗಿ ಒಂದು ತಂಡ ಮಾತ್ರ ಹೊರಗುಳಿಯುತ್ತದೆ. ಆರು ಸುತ್ತು ಮುಗಿಯುವಷ್ಟರಲ್ಲಿ 15 ತಂಡಗಳು ಆರು ಪಂದ್ಯ, ಉಳಿದ ಆರು ತಂಡಗಳು ಐದು ಪಂದ್ಯ ಆಡಿರುತ್ತವೆ. ಯಾರಿಗೂ ನಾಲ್ಕಕ್ಕೆ ತೃಪ್ತಿಪಡುವ ಗತಿ ಇರುವುದಿಲ್ಲ.

ಪಂದ್ಯಗಳ ಸಂಖ್ಯೆ ಸಮವಿಲ್ಲದ ಪಟ್ಟಿಯಲ್ಲಿ ಸ್ಥಾನ ನಿರ್ಧರಿಸುವುದು ಹೇಗೆಂಬ ಪ್ರಶ್ನೆ ಏಳುವುದು ನ್ಯಾಯವೇ. ಪಂದ್ಯಕ್ಕೆ ಸರಾಸರಿ ಅಂಕ ಹಿಡಿದರೆ ಅದು ಬಗೆಹರಿಯುತ್ತದೆ. ಹೆಚ್ಚುವ ಪಂದ್ಯಗಳ ಪ್ರಯಾಣದ ಖರ್ಚು ಸಣ್ಣ ಸಂಸ್ಥೆಗಳಿಗೆ ಭಾರವಾಗುವುದಂತೂ ನಿಜ. ಆ ಖರ್ಚನ್ನು ಯುಇಎಫ್‌ಎ ತಾನೇ ವಹಿಸಿಕೊಳ್ಳಬೇಕು.

ಇತಿ,
ಪತ್ರಿಕೆಯ ಓದುಗ