ಪಿಟೀಲು ಬಿಟ್ಟುಹೋದ ಮಗಳಿಗೆ

ಕಾರ್ಕ್, ಐರ್ಲೆಂಡ್, ಭಾನುವಾರ ರಾತ್ರಿ

ಪುಟ್ಟೀ,

ಗಾಲ್ವೇ ಬಸ್ಸು ಹತ್ತುವಾಗ ನೀನು ತಿರುಗಿ ನೋಡಲಿಲ್ಲ. ಪಿಟೀಲು ಮಂಚದ ಕೆಳಗೇ ಇದೆ. ನೀನು ಮರೆತು ಹೋಗಿದ್ದಲ್ಲ, ಅದು ನನಗೆ ಗೊತ್ತು.

ನಿನ್ನ ಪೋಲ್ಕಾ, ಈ ಊರಿನ ಕುಣಿತದ ಧಾಟಿ, ಕೇಳಿ ನಾನು ‘ಅದೇ ಎಂಟು ಆವರ್ತ, ತಿರುಗಿಸಿ ತಿರುಗಿಸಿ, ಇದೂ ಒಂದು ಸಂಗೀತವಾ’ ಅಂದಿದ್ದು ತಪ್ಪು. ಆದರೆ ನನ್ನನ್ನು ಕೊರೀತಿರೋದು ಆ ಮಾತಲ್ಲ. ನಾಕ್‌ನಗ್ರೀ ಹಳ್ಳಿಯ ಪಬ್ಬಿನ ಆ ಸಂಜೆ. ನಿನಗಾಗ ಹದಿನಾಲ್ಕು. ಬಾಲಿಡೆಸ್ಮಂಡ್ ಅನ್ನೋ ಪೋಲ್ಕಾ ಒಬ್ಬಳೇ ಎತ್ತಿಕೊಂಡೆ. ನಾನೋ, ಮೈಸೂರಿನ ಪಾಠದ ಗತ್ತಿನಲ್ಲಿ ತೊಡೆಯ ಮೇಲೆ ಆದಿತಾಳ ಹಾಕಲು ಶುರುಮಾಡಿದೆ, ಎಲ್ಲರಿಗೂ ಕೇಳುವ ಹಾಗೆ. ನಿನ್ನ ಕಮಾನು ಒತ್ತುತ್ತಿದ್ದದ್ದು ಪೆಟ್ಟಿಗೂ ಪೆಟ್ಟಿಗೂ ನಡುವೆ, ಎತ್ತುಗಡೆಯಲ್ಲಿ. ನಾನು ಗುದ್ದಿದ್ದು ಪೆಟ್ಟಿನ ಮೇಲೆ. ನಿನ್ನ ಕೈ ತಡವರಿಸಿತು. ಅಕಾರ್ಡಿಯನ್ ತಾತ ಬಿಡದೆ ನುಡಿಸಿ ನಿನ್ನನ್ನು ದಡ ಸೇರಿಸಿದರು. ಆಗ ನೀನು ನೋಡಿದ್ದು ಅವರನ್ನಲ್ಲ, ನನ್ನನ್ನು. ವಾಪಸ್ ಬರುವಾಗ ಕಾರಿನಲ್ಲಿ ನಾನು ಕ್ಷಮೆ ಕೇಳಬೇಕಿತ್ತು. ‘ಒಂದು ಗಮಕವೂ ಇಲ್ಲ’ ಅಂದೆ. ಆ ನೋಟ ಈಗಲೂ ಬರುತ್ತೆ, ಪಾತ್ರೆ ತೊಳೆಯುವಾಗ.

ಮೂರು ರಾತ್ರಿಯಿಂದ ನಿನ್ನ ಪಿಟೀಲು ತೆಗೆದಿದ್ದೇನೆ. ಬೈಬೇಡ. ತಂತಿಗಳನ್ನು ನಮ್ಮ ಸ-ಪ-ಸ-ಪಕ್ಕೆ ಇಳಿಸಿಲ್ಲ, ನೀನಿಟ್ಟ ಹಾಗೇ ಇವೆ. ನೆಲದಲ್ಲಿ ಕೂತು, ಪಾದಕ್ಕೆ ಒರಗಿಸಿಕೊಂಡು, ‘ಎ’ ತಂತಿಯನ್ನೇ ಷಡ್ಜ ಅಂದುಕೊಂಡೆ: ಕೆಳಗಿನ ಪ, ಸ ಸ ರಿ, ಗ ಮ ಪಾ. ಸ್ವರಗಳೇನೋ ನಮ್ಮ ಖರಹರಪ್ರಿಯದವೇ, ಆದರೆ ಗಾಂಧಾರ ಚೂರು ತೂಗಿದರೂ ಪೋಲ್ಕಾ ಅಲ್ಲೇ ಕೂತುಬಿಡುತ್ತೆ. ನೀನು ಗೋಡೆಗೆ ಅಂಟಿಸಿದ್ದ ಪಾದ್ರಿಗ್ ಓಕೀಫ್ ಅವರ ಹಾಳೆಯನ್ನೂ ನೋಡಿದೆ. ಮನೆ ಮನೆಗೆ ನಡೆದು ಪಾಠ ಹೇಳಿ 1963ರಲ್ಲಿ ತೀರಿಕೊಂಡ ಆ ಮೇಷ್ಟ್ರು, ನಾಲ್ಕು ತಂತಿಗೆ ಹಾಳೆಯಲ್ಲಿ ನಾಲ್ಕು ಮನೆ ಮಾಡಿ ಬೆರಳಿನ ಅಂಕೆ ತುಂಬಿಸುತ್ತಿದ್ದರಂತೆ. ನಮ್ಮ ಮೇಷ್ಟ್ರ ಸ್ವರಪುಸ್ತಕವೇ ಕಣ್ಣಿಗೆ ಬಂತು. ಇದನ್ನು ನೀನು ಎಷ್ಟು ಸಲ ಹೇಳಿದ್ದೆ, ನಾನು ಎಲ್ಲಿ ಕೇಳಿದೆ?

ಒಂದು ಮಾತು, ಉಪದೇಶ ಅಲ್ಲ. ಹಾಸ್ಟೆಲಿನಲ್ಲಿ ಮೊದಲು ನಿಧಾನವಾಗಿ ನುಡಿಸು. ಕುಣಿಯುವವರ ಕಾಲಿಗಾಗಿ ಹುಟ್ಟಿದ್ದು ಅಂತ ಓಡಿಸಬೇಡ. ನುಡಿಸಿದ ಮೇಲೆ ಕಮಾನು ಸಡಿಲಿಸು. ಊಟ ಬಿಡಬೇಡ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಪಬ್ಬಿನಲ್ಲಿ ಕೂಡಿ ನುಡಿಸೋ ಸೆಷನ್ನು... ಸರಿ, ಉಪದೇಶವೇ ಆಯಿತು.

ಪೋಲ್ಕಾದ ಎರಡನೇ ಭಾಗದಲ್ಲಿ ನನ್ನ ಕೈ ಇನ್ನೂ ಪೆಟ್ಟಿನ ಮೇಲೇ ಬೀಳುತ್ತೆ. ನಿಮ್ಮಪ್ಪ ‘ಭಜನೆ ಥರ ಇದೆ’ ಅಂದರು. ಶನಿವಾರ ಹನ್ನೊಂದರ ಬಸ್ಸಿಗೆ ಬರ್ತೀನಿ, ಪಿಟೀಲು ತರ್ತೀನಿ. ಬಾಗಿಲು ತೆಗೆದರೆ ಸಾಕು, ಮಾತಾಡದಿದ್ದರೂ ಸರಿ. ಚಟ್ನಿಪುಡಿ ಬೇರೆ ಚೀಲದಲ್ಲಿ ಹಾಕಿದ್ದೇನೆ, ಪಿಟೀಲಿನ ಪೆಟ್ಟಿಗೆಯಲ್ಲಿ ಅಲ್ಲ.

ಅಮ್ಮ