ನಿನ್ನ ಎಲೆಗೆ ಬಡಿಸಿದ ಆ ಹೋಳಿಗೆ

ಬದಿಯಡ್ಕ,
ಶುಕ್ರವಾರ ರಾತ್ರಿ

ಪ್ರೀತಿಯ ಕೂಸೇ,

ನೀನು ಹೋಗಿ ಐದು ದಿನವಾಯಿತು. ದಿನವೂ ಅಮ್ಮನಿಗೆ ಫೋನ್ ಮಾಡುತ್ತೀಯೆ, ಅಪ್ಪನಿಗೆ ಕೊಡು ಎಂದು ಹೇಳುವುದಿಲ್ಲ. ಕೇಳಿ ತೆಗೆದುಕೊಳ್ಳುವ ಧೈರ್ಯ ನನಗೂ ಬರಲಿಲ್ಲ. ಮೊಬೈಲಿನಲ್ಲಿ ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ನಾಳೆ ಎಲ್ಲಿಯೂ ಅಡಿಗೆ ಒಪ್ಪಿಕೊಂಡಿಲ್ಲ, ಬೆಳಗ್ಗೆ ಮೂರಕ್ಕೆ ಏಳಬೇಕೆಂದಿಲ್ಲ. ಅದಕ್ಕೇ ಲೆಕ್ಕದ ಪುಸ್ತಕದಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ.

ಭಾನುವಾರ ನಡೆದದ್ದು ನಿನಗೆ ಗೊತ್ತು. ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ಊಟ ಬಡಿಸುವ ಸುಧರಿಕೆಗೆ ಹುಡುಗರು ಬೇಕಾದಷ್ಟು ಇದ್ದರು, ಹೋಳಿಗೆಯ ಹರಿವಾಣ ನಾನೇ ಹಿಡಿಯಬೇಕಾಗಿರಲಿಲ್ಲ. ಊಟದ ಹಂತಿಯ ಆ ತುದಿಯಲ್ಲಿ ಕೂತ ಹಿರಿಯರೊಬ್ಬರು, 'ಮಗಳ ಎಲೆ ಬರೀ ಹಸಿರು ಕಾಣುತ್ತದಲ್ಲ ಭಟ್ಟರೇ, ಅಪ್ಪನ ಅಡಿಗೆ ಮೆಚ್ಚಲಿಲ್ಲವೋ' ಎಂದರು. ಆ ಒಂದು ಮಾತಿಗೆ ನನಗೆ ಒಳಗೆ ಏನೋ ಆಯಿತು. ತೂಕ ಇಳಿಸಲು ಹೊಟ್ಟೆಯ ಸರ್ಜರಿಯಾಗಿ ನಾಲ್ಕೇ ತಿಂಗಳು, ನೀನು ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದೆ. 'ಅಪ್ಪ ಮಾಡಿದ್ದು, ಒಂದು ತಿಂದರೆ ಏನೂ ಆಗುವುದಿಲ್ಲ' ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ನಿನ್ನ ಕೈ ಸರಿಸಿ ಹಾಕಿದೆ, ಮೇಲೆ ತುಪ್ಪ ಹೊಯ್ದೆ. ನೀನು ನನ್ನ ಮರ್ಯಾದೆ ಉಳಿಸಲು ತಿಂದೆ, ಅದೂ ಬೇಗ ಬೇಗ. ಐದು ನಿಮಿಷದಲ್ಲಿ ಎದೆ ಒತ್ತಿ ಹಿಡಿದುಕೊಂಡು ಎದ್ದೆ. ಬಾವಿಯ ಆಚೆ ಕಂಗಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ, ಬಾಯಿಂದ ಬರೀ ನೊರೆ ಬರುತ್ತಿತ್ತು. ಬೆನ್ನು ಸವರಲು ಬಂದೆ, ನೀನು ಕೈ ತಳ್ಳಿದೆ. ಆಗ ನೋಡಿಕೊಂಡೆ, ಬೆರಳುಗಳಲ್ಲಿ ಇನ್ನೂ ತುಪ್ಪದ ಪಸೆ ಇತ್ತು.

ಆ ಸಂಜೆ ಕಾಸರಗೋಡು ಸ್ಟೇಷನ್ನಿಗೂ ನಾನು ಡಬ್ಬಿ ಹಿಡಿದುಕೊಂಡು ಬಂದೆ. ಇಷ್ಟು ವರ್ಷದ ಅಭ್ಯಾಸ. ನೀನು ಅದನ್ನು ಬೆಂಚಿನ ಮೇಲೆಯೇ ಬಿಟ್ಟು ರೈಲು ಹತ್ತಿದೆ.

ತಪ್ಪಾಯಿತು ಮಗಳೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಆದರೆ ನನ್ನನ್ನು ಕೊರೆಯುವುದು ಭಾನುವಾರದ ಹೋಳಿಗೆ ಒಂದೇ ಅಲ್ಲ. ನಿನಗಾಗ ಹನ್ನೆರಡು ವರ್ಷ. ನೀರ್ಚಾಲಿನ ಕಡೆಯ ಒಂದು ಉಪನಯನ. ನಿನಗೆ ನೆನಪಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ, ಭಾನುವಾರ ನಿನ್ನ ಮುಖ ನೋಡಿದ ಮೇಲೆ ಆ ಸಮಾಧಾನವೂ ಹೋಯಿತು. ಊಟದ ನಡುವೆ ಚೂರ್ಣಿಕೆ ಶ್ಲೋಕ ಹೇಳುತ್ತಿದ್ದ ಗಂಡಸರ ಹಂತಿಯಿಂದ ಒಬ್ಬ, 'ಭಟ್ಟರ ಮಗಳಿಗೆ ಒಂದು ಎಲೆ ಸಾಲದು, ಎರಡು ಜೋಡಿಸಿ ಹಾಕಿ' ಎಂದ. ಇಡೀ ಚಪ್ಪರ ನಕ್ಕಿತು. ನಾನೂ ನಕ್ಕೆ. ಕೈಯಲ್ಲಿ ಹರಿವಾಣವಿತ್ತು, ನಿನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದಕ್ಕೆ ಹೋದೆ. ಹಿಂತಿರುಗಿ ಬರುವಾಗ ನೀನು ತಲೆ ತಗ್ಗಿಸಿ ಅದನ್ನು ತಿನ್ನುತ್ತಿದ್ದೆ. ಹಳದಿ ಲಂಗ, ಎರಡು ಜಡೆ. ಕಣ್ಣೀರು ಇತ್ತೋ ಇಲ್ಲವೋ ಎಂದು ಬಗ್ಗಿ ನೋಡಲಿಲ್ಲ. ನೋಡಬೇಕಿತ್ತು. ಹರಿವಾಣ ಕೆಳಗಿಟ್ಟು ಆ ಮನುಷ್ಯನಿಗೆ ಎರಡು ಮಾತು ಹೇಳಬೇಕಿತ್ತು. ದಕ್ಷಿಣೆ ಕೊಡುವ ಮನೆಯವರ ನೆಂಟನೆಂದು ಸುಮ್ಮನಿದ್ದೆನೋ, ಎಲ್ಲರೂ ನಕ್ಕಾಗ ನಗದೆ ನಿಲ್ಲಲು ಆಗಲಿಲ್ಲವೋ, ಈಗಲೂ ಬಗೆಹರಿಯುವುದಿಲ್ಲ.

ಬೇಸರಕ್ಕೂ ತಿನ್ನುವುದು, ಸಂತೋಷಕ್ಕೂ ತಿನ್ನುವುದು ನಿನಗೆ ಬಂದದ್ದು ನನ್ನಿಂದ. ಪರೀಕ್ಷೆಯಲ್ಲಿ ಅಂಕ ಬಂದರೆ ಕಾಯಿಹಾಲಿನ ಜೊತೆ ಬಾಳೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಬಿದ್ದು ಮಂಡಿ ತರಚಿದರೆ ಹಲಸಿನ ಹಪ್ಪಳ, ಜ್ವರ ಬಿಟ್ಟರೆ ಮಧೂರು ದೇವಸ್ಥಾನದ ಅಪ್ಪದ ಪ್ರಸಾದ. ಮಾತಿನಲ್ಲಿ ಹೇಳಲು ಬಾರದ್ದನ್ನೆಲ್ಲ ಬಡಿಸಿ ತೀರಿಸಿದೆ.

ಸರ್ಜರಿ ಮಾಡಿಸುತ್ತೇನೆ ಎಂದು ನೀನು ಹೇಳಿದ ದಿನ 'ಬಾಯಿಗೆ ಬೀಗ ಹಾಕಿದರೆ ಸಾಕು, ಹೊಟ್ಟೆ ಯಾಕೆ ಕೊಯ್ಯಿಸಬೇಕು' ಎಂದಿದ್ದೆ. ಮಂಗಳೂರಿನ ಡಾಕ್ಟರು ಚಿತ್ರ ಬರೆದು ತೋರಿಸಿದ ಮೇಲೆ ನಾಚಿಕೆಯಾಯಿತು. ಜಠರದ ಮುಕ್ಕಾಲು ಪಾಲು ತೆಗೆಯುತ್ತಾರೆ, ಉಳಿಯುವುದು ಬಾಳೆಹಣ್ಣಿನ ಆಕಾರದ ಸಪೂರ ಚೀಲ. ತೆಗೆದ ಆ ಭಾಗದಲ್ಲಿಯೇ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದಂತೆ. ಹಸಿವು ಎಂದರೆ ಬರೀ ಬಾಯಿಚಪಲ ಎಂದು ತಿಳಿದಿದ್ದ ನಾನು ನಲವತ್ತು ವರ್ಷ ಜನರ ಹಸಿವಿನ ಲೆಕ್ಕ ಹಾಕಿಯೇ ಬದುಕಿದವನು. ನೂರು ಎಲೆಗೆ ಹತ್ತು ಕಿಲೋ ಅಕ್ಕಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಮನೆಯೊಳಗಿನ ಒಂದು ಎಲೆಯ ಲೆಕ್ಕ ತಪ್ಪಿದೆ.

ಮೂವತ್ತು ತುಂಬುವ ಮೊದಲೇ ಬಂದ ಸಕ್ಕರೆ ಕಾಯಿಲೆ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ನೀನು ಎದ್ದು ಕೂರುತ್ತಿದ್ದದ್ದು, ಅದೆಲ್ಲ ಬೇರೆ. ಅವುಗಳ ಬಗ್ಗೆ ಬರೆದರೆ ಬೆಳಗಾದೀತು.

ಸರ್ಜರಿಯ ಮೇಲಿನ ಆ ಆರು ವಾರ ಮನೆಯಲ್ಲಿ ನೀನು ಹೇಗಿದ್ದೆ ಎಂಬುದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ನಿನಗೆ ಮಾತ್ರ ಹೇಳಿಲ್ಲ. ಮೊದಲು ಕುಚ್ಚಿಲಕ್ಕಿಯ ಗಂಜಿತಿಳಿ, ಬೊಂಡದ ನೀರು, ಸೋಸಿದ ಮಜ್ಜಿಗೆ. ಆಮೇಲೆ ಹಾಲು, ಬೇಳೆಕಟ್ಟು. ಆಮೇಲೆ ಅರೆದದ್ದು, ಮೆತ್ತಗೆ ಬೇಯಿಸಿದ್ದು. ಹಿತ್ತಿಲಲ್ಲಿ ನೀರಿಗೆಂದು ಗುಡ್ಡೆಗೆ ಕೊರೆದ ಸುರಂಗದ ಬಾಯಲ್ಲಿ ಕೂತು ಸ್ಟೀಲು ಲೋಟದಿಂದ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಅಡಿಕೆ ಮರದ ದಂಬೆಯಿಂದ ನೂಲಿನಂತೆ ಇಳಿಯುವ ಆ ನೀರು ರಾತ್ರಿ ಕಳೆಯುವುದರೊಳಗೆ ತೊಟ್ಟಿ ತುಂಬಿಸುತ್ತದೆ, ನೀನೂ ಹಾಗೆಯೇ ದಿನಕ್ಕೆ ಒಂದೂವರೆ ಲೀಟರು ಮುಗಿಸುತ್ತಿದ್ದೆ. ಗುಡ್ಡೆ ಹತ್ತಿ ಇಳಿಯಲು ಮೊದಲ ದಿನ ನಾಲ್ಕು ಕಡೆ ನಿಂತೆ, ಕೊನೆಯ ವಾರ ನನ್ನನ್ನೇ ಹಿಂದೆ ಹಾಕಿದೆ. ನನ್ನ ಮಗಳಿಗೆ ಇಷ್ಟು ಗಟ್ಟಿ ಮನಸ್ಸಿದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ನಾಲ್ಕು ತಿಂಗಳು. ಇನ್ನು ಮುಂದಿನದ್ದೇ ಕಷ್ಟ ಎಂದು ಆಹಾರತಜ್ಞೆ ಹೇಳಿದ್ದು ನಿನಗೂ ನೆನಪಿರಬಹುದು. ನಾನು ಉಪದೇಶ ಮಾಡಬಾರದು ಎಂದುಕೊಂಡೇ ಬರೆಯಲು ಕೂತದ್ದು, ಆದರೂ ಕೆಲವನ್ನು ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ನಮ್ಮ ಬಾಳೆಲೆಗೆ ಒಂದು ಕ್ರಮವಿದೆ, ಉಪ್ಪು ಉಪ್ಪಿನಕಾಯಿಯಿಂದ ಮಜ್ಜಿಗೆಯವರೆಗೆ, ನಡುವೆ ರಾಜನಂತೆ ಅನ್ನ. ನಿನ್ನ ಎಲೆಯ ಕ್ರಮ ಇನ್ನು ಬೇರೆ. ಮೊದಲು ಬೇಳೆ, ಮೊಸರು, ಪನೀರು. ಆಮೇಲೆ ತರಕಾರಿ. ಜಾಗ ಉಳಿದರೆ ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನು ಬೇಕು ಎಂದರಲ್ಲ, ಮೀನು ಮೊಟ್ಟೆ ಮುಟ್ಟದ ನಮ್ಮ ಮನೆಯಲ್ಲಿ ಅದು ಸುಲಭವಲ್ಲ. ಕೂತು ಲೆಕ್ಕ ಹಾಕಿದೆ: 200 ಮಿ.ಲೀ. ಹಾಲಿಗೆ ಆರೇಳು ಗ್ರಾಂ, 100 ಗ್ರಾಂ ಪನೀರಿಗೆ ಹೆಚ್ಚು ಕಡಿಮೆ 18, ಮೂವತ್ತು ಗ್ರಾಂ ಹೆಸರುಬೇಳೆಗೆ ಏಳು. ಡಾಕ್ಟರು ಬರೆದುಕೊಟ್ಟ ಪ್ರೊಟೀನು ಪುಡಿಯನ್ನು ಇನ್ನೂ ಬಿಡಬೇಡ, ಬರೀ ಅಡಿಗೆಯಿಂದ ಆಗುವುದಿಲ್ಲ. ಅಡಿಗೆಯವನಾದ ನಾನೇ ಹೇಳುತ್ತಿದ್ದೇನೆ.

ಊಟದ ನಡುವೆ ಬಿಸಿನೀರು ಕುಡಿಯುವುದು ನಮ್ಮ ಕಡೆಯ ಅಭ್ಯಾಸ, ಅದನ್ನು ಬಿಡು. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಮುಗಿದು ಅರ್ಧ ಗಂಟೆಯ ಮೇಲೆ ಕುಡಿ. ಚಿಕ್ಕ ತುತ್ತು, ನುಣ್ಣಗಾಗುವವರೆಗೆ ಅಗಿ. ಸಾಕು ಎಂದು ಹೊಟ್ಟೆ ಹೇಳಿದ ಮೇಲೆ ಒಂದು ಚಮಚವೂ ಬೇಡ, ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಅನ್ನ ಬಿಸಾಡಬಾರದು ಎಂದು ನಿನಗೆ ಕಲಿಸಿದವನು ನಾನು. ಆ ಪಾಠವನ್ನು ಹಿಂದೆಗೆದುಕೊಳ್ಳುತ್ತೇನೆ, ಅನ್ನಪೂರ್ಣೆ ಕ್ಷಮಿಸುತ್ತಾಳೆ.

ಮಾತ್ರೆಗಳ ವಿಷಯದಲ್ಲಿ ನನಗೆ ನಿಜವಾದ ಹೆದರಿಕೆ ಇದೆ. ಚೆನ್ನಾಗಿದ್ದೇನೆ ಎಂದು ಅನಿಸಿದ ದಿನವೇ ಬಿಡುವುದು ಮನುಷ್ಯನ ಸ್ವಭಾವ. ನಿನಗದು ಜೀವಮಾನದ್ದು: ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬೇಡ, ನಡುವೆ ಎರಡು ಗಂಟೆ ಬಿಡು. ಕಬ್ಬಿಣದ ಮಾತ್ರೆಯ ಹತ್ತಿರ ಚಹಾ ಬೇಡ. ತಲೆನೋವಿಗೆ ಕಂಡ ಕಂಡ ನೋವಿನ ಮಾತ್ರೆ ತೆಗೆದುಕೊಳ್ಳಬೇಡ, ಐಬುಪ್ರೊಫೆನ್‌ನಂಥವು ಜಠರದಲ್ಲಿ ಹುಣ್ಣು ಮಾಡುತ್ತವೆ, ಡಾಕ್ಟರನ್ನು ಕೇಳು. ಎರಡು ದಿನ ಬಿಡದೆ ವಾಂತಿಯಾದರೆ ಕೆಲಸ ಕೆಲಸ ಎಂದು ಕೂರದೆ ಆಸ್ಪತ್ರೆಗೆ ಓಡು. ಹಾಗೆ ವಾಂತಿ ಮುಂದುವರಿದರೆ ಬಿ1 ವಿಟಮಿನ್ ಕುಸಿದು ನರಗಳಿಗೇ ತೊಂದರೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿಯೇ ಇದೆ. ಭಾನುವಾರ ರಾತ್ರಿ ನೀನು ರೈಲಿನಲ್ಲಿರುವಾಗ ನಾನು ಅದನ್ನೇ ಯೋಚಿಸುತ್ತಿದ್ದೆ, ಇವಳು ದಾರಿಯಲ್ಲಿ ಮತ್ತೆ ವಾಂತಿ ಮಾಡಿಕೊಂಡಳೋ ಏನೋ ಎಂದು. ಸೋಮವಾರ ಬೆಳಗ್ಗೆ ಅಮ್ಮನ ಫೋನಿನಲ್ಲಿ ನಿನ್ನ ಸ್ವರ ಕೇಳಿದ ಮೇಲೆಯೇ ಕಾಫಿ ಕುಡಿದೆ.

ನೀನು ಬಿಟ್ಟು ಹೋದ ಬಾಚಣಿಗೆಯಲ್ಲಿ ಕೂದಲು ನೋಡಿ ಅಮ್ಮ ಅತ್ತಳು. ಇಂಥ ಸರ್ಜರಿಯ ಮೂರು ನಾಲ್ಕು ತಿಂಗಳಲ್ಲಿ ಉದುರುವುದು ಸಾಮಾನ್ಯ, ಪ್ರೊಟೀನು, ಕಬ್ಬಿಣ ಸರಿಯಿದ್ದರೆ ಮತ್ತೆ ಬರುತ್ತದೆ ಎಂದು ಸಮಾಧಾನ ಹೇಳಿದ್ದೇನೆ. ನೀನೂ ಹೆದರಬೇಡ.

ಇನ್ನೊಂದು. ಮೊನ್ನೆ ನಿನ್ನ ಅತ್ತೆ ಒಂದು ಜಾತಕದ ವಿಷಯ ಎತ್ತಿದಳು. 'ಈಗ ಸಪೂರ ಆಗಿದ್ದಾಳಲ್ಲ, ಇನ್ನು ತಡ ಯಾಕೆ' ಎಂದಳು. ಮೈಯೆಲ್ಲ ಉರಿಯಿತು. ದಪ್ಪ ಇದ್ದಾಗಲೂ ಅವಳು ನನ್ನ ಮಗಳೇ, ಓದಿ ಕೆಲಸ ಹಿಡಿದು ತನ್ನ ದುಡ್ಡಿನಲ್ಲಿಯೇ ಚಿಕಿತ್ಸೆ ಮಾಡಿಸಿಕೊಂಡವಳು, ಜಾತಕ ಬೇಕಾದರೆ ಅವಳೇ ಕೇಳುತ್ತಾಳೆ ಎಂದು ಹೇಳಿ ಫೋನ್ ಇಟ್ಟೆ. ನೀರ್ಚಾಲಿನಲ್ಲಿ ಹೇಳದೆ ಉಳಿದ ಮಾತು ಇಷ್ಟು ತಡವಾಗಿ, ಬೇರೆಯವರಿಗೆ ಹೇಳಿದಂತಾಯಿತು. ಮದುವೆಯಾದರೂ ಒಂದು, ಒಂದೂವರೆ ವರ್ಷ ಬಸುರಿಯಾಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಅಮ್ಮ ನಿನ್ನೊಡನೆ ಮಾತಾಡುತ್ತಾಳೆ, ನಾನು ಬರೆಯುವುದು ಸರಿಯಲ್ಲ.

ಮತ್ತೆ ಆ ಹಳದಿ ಲಂಗಕ್ಕೇ ಬರುತ್ತೇನೆ, ಕ್ಷಮಿಸು. ಅಂದು ರಾತ್ರಿ ಮನೆಗೆ ಬಂದು ನೀನು ಊಟ ಬೇಡ ಎಂದೆ. ನಾನು ತಟ್ಟೆ ಹಿಡಿದು ಹಿಂದೆ ಹಿಂದೆ ಬಂದು ಮೊಸರನ್ನ ತಿನ್ನಿಸಿದೆ. ಹನ್ನೆರಡು ವರ್ಷದ ಹುಡುಗಿ ಬೇಡ ಎಂದಾಗ ಯಾಕೆ ಬೇಡ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಆಮೇಲೆ ನೀನು ನನ್ನ ಅಡಿಗೆ ಇರುವ ಮನೆಗಳಿಗೆ ಬರುವುದನ್ನೇ ಬಿಟ್ಟೆ. ಓದಲಿಕ್ಕಿದೆ, ಹೊಟ್ಟೆನೋವು ಎಂದು ಏನಾದರೊಂದು ನೆವ. ನಾನು ನಂಬಿದೆ. ಇಷ್ಟು ವರ್ಷದ ಮೇಲೆ ಭಾನುವಾರ ನೀನಾಗಿಯೇ ಬಂದು ಹಂತಿಯಲ್ಲಿ ಕೂತಿದ್ದೆ, ಎಲೆಯ ಮೂಲೆಯಲ್ಲಿ ಎರಡು ಚಮಚ ಕೋಸಂಬರಿ ಹಾಕಿಸಿಕೊಂಡು ನೆಟ್ಟಗೆ ಕೂತಿದ್ದೆ. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು.

ಈ ಕಾಗದದ ಜೊತೆ ಒಂದು ಚಿಕ್ಕ ಪಾರ್ಸೆಲ್ ಬರುತ್ತದೆ. ಹುರಿದು ಪುಡಿ ಮಾಡಿದ ಹೆಸರುಬೇಳೆ, ಒಣಗಿಸಿದ ಒಂದೆಲಗದ ಪುಡಿ, ಒಂದು ಸ್ಟೀಲು ಬಟ್ಟಲು. ಬಟ್ಟಲು ನೂರು ಮಿ.ಲೀ. ಹಿಡಿಯುತ್ತದೆ, ಔಷಧಿಯ ಅಳತೆ ಮುಚ್ಚಳದಿಂದ ನೀರು ಹೊಯ್ದು ಪರೀಕ್ಷಿಸಿದ್ದೇನೆ. ಬೇಡವಾದರೆ ಬೇಡ, ಯಾರಿಗಾದರೂ ಕೊಡು, ನನಗೆ ಬೇಸರವಿಲ್ಲ.

ಆರನೆಯ ತಿಂಗಳ ರಕ್ತಪರೀಕ್ಷೆಗೆ ಮಂಗಳೂರಿಗೆ ಬರುವ ದಿನ ನಿಶ್ಚಯವಾದರೆ ಅಮ್ಮನಿಗಾದರೂ ಹೇಳು. ಆ ದಿನಕ್ಕೆ ಅಡಿಗೆ ಒಪ್ಪಿಕೊಳ್ಳುವುದಿಲ್ಲ. ಕಾಸರಗೋಡಿನಲ್ಲಿ ರೈಲು ಇಳಿಯುವಾಗ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ. ಡಬ್ಬಿ ತರುವುದಿಲ್ಲ, ನಿನ್ನ ಬ್ಯಾಗು ಹಿಡಿದುಕೊಳ್ಳುತ್ತೇನೆ.

ನಿನ್ನ
ಅಪ್ಪ