ನೋಂದಣಿಯಾದ ಮಾತ್ರಕ್ಕೆ ಒಡೆತನ ಬಂದಂತಲ್ಲ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನೂ ಅಳಿಯಂದಿರೂ ಮನೆಯೊಂದನ್ನು ನೋಡಿ ಒಪ್ಪಿದ್ದೀರಿ ಎಂದು ನಿನ್ನ ಅಪ್ಪ ಹೇಳಿದ. ಕೇಳಿ ಬಹಳ ಸಂತೋಷವಾಯಿತು. ಆದರೆ 'ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತದಲ್ಲ, ಅವರೇ ಎಲ್ಲವನ್ನೂ ಪರಿಶೀಲಿಸಿರುತ್ತಾರೆ' ಎಂದು ನೀನು ಅಂದೆಯಂತೆ. ಆ ಮಾತಿಗಾಗಿಯೇ ಈ ಕಾಗದ ಬರೆಯುತ್ತಿದ್ದೇನೆ. ದುಡಿದಷ್ಟು ಕಾಲವೂ ಆ ಕಚೇರಿಯ ಎದುರು ಪತ್ರ ಬರೆದುಕೊಂಡು ಕುಳಿತವನು ನಾನು. ಅಲ್ಲಿ ಏನು ನೋಡುತ್ತಾರೆ, ಏನು ನೋಡುವುದಿಲ್ಲ ಎಂಬುದು ನನಗೆ ಗೊತ್ತು.

ಸಹಿ ಹಾಕುವವರ ಗುರುತು, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದೆಯೇ ಎಂಬುದು, ಪತ್ರವನ್ನು ಬರೆದುಕೊಟ್ಟಿದ್ದನ್ನು ಅವರು ಒಪ್ಪುತ್ತಾರೆಯೇ ಎಂಬುದು: ಮುಖ್ಯವಾಗಿ ನೋಡುವುದು ಇಷ್ಟು. ಮಾರುವವನೇ ನಿಜವಾದ ಮಾಲೀಕನೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ನಮ್ಮ ದೇಶದಲ್ಲಿ ನೋಂದಣಿಯಾಗುವುದು ವ್ಯವಹಾರವೇ ಹೊರತು ಒಡೆತನವಲ್ಲ. ಮಾರುವವನಿಗೇ ಇಲ್ಲದ ಹಕ್ಕನ್ನು ಎಷ್ಟು ಮೊಹರು ಬಿದ್ದ ಕ್ರಯಪತ್ರವೂ ನಿನಗೆ ತಂದುಕೊಡಲಾರದು. ಹಾಗಾಗಿ ಹಕ್ಕನ್ನು ಪರೀಕ್ಷಿಸುವ ಹೊಣೆ ಪೂರ್ತಿಯಾಗಿ ಕೊಳ್ಳುವವರದೇ. ಅದನ್ನು ಮುಂಗಡ ಕೊಡುವ ಮೊದಲೇ ಮಾಡಬೇಕು.

ಮೊದಲು ಮೂಲಪತ್ರಗಳನ್ನು ಕೇಳು. ಈಗಿನ ಮಾಲೀಕರಿಗೆ ಆಸ್ತಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕನಿಷ್ಠ 30 ವರ್ಷ ಹಿಂದಕ್ಕೆ ಹೋಗಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ, 'ಅದೆಲ್ಲ ಮನೆಯೊಳಗೇ ಬಾಯಿಮಾತಿನಲ್ಲಿ ಆಗಿದೆ' ಎಂಬ ಸಮಾಧಾನವನ್ನು ಒಪ್ಪಬೇಡ. ಪತ್ರಗಳ ಅಸಲನ್ನೇ ನೋಡು, ಜೆರಾಕ್ಸ್ ಸಾಲದು. ಅಸಲು ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತೆಗೆಯುವುದುಂಟು. ಬರೀ ಪತ್ರಗಳನ್ನು ಒಪ್ಪಿಸಿ ಮಾಡಿದ ಅಡಮಾನ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಕಾಣಿಸದೆಯೂ ಹೋಗಬಹುದು. ಅಸಲು ಎಲ್ಲಿದೆ ಎಂದು ಕೇಳಿದಾಗ ಉತ್ತರ ತಡವರಿಸಿದರೆ ಅಲ್ಲಿಗೇ ನಿಲ್ಲು.

ಋಣಭಾರ ಪತ್ರವನ್ನು, ಎಲ್ಲರೂ ಇಸಿ ಎನ್ನುತ್ತಾರಲ್ಲ ಅದನ್ನು, ದಲ್ಲಾಳಿ ತಂದುಕೊಟ್ಟ ಪ್ರತಿಯನ್ನು ನಂಬದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀನೇ ಅರ್ಜಿ ಹಾಕಿ ತೆಗೆಸು. ನಮೂನೆ 15 ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇರುತ್ತದೆ. ನಮೂನೆ 16 ಬಂದರೆ ಯಾವ ವ್ಯವಹಾರವೂ ಸಿಗಲಿಲ್ಲ ಎಂದರ್ಥ. 16 ಬಂತೆಂದು ಕೂಡಲೇ ಹಿಗ್ಗಬೇಡ. ಸರ್ವೆ ನಂಬರನ್ನೋ ಸೈಟಿನ ಸಂಖ್ಯೆಯನ್ನೋ ತಪ್ಪಾಗಿ ಕೊಟ್ಟು ಹುಡುಕಿಸಿದರೂ ಅದೇ ಬರುತ್ತದೆ. ಮಾಲೀಕರು ಕೊಂಡ ವರ್ಷವೇ ಆ ಅವಧಿಯೊಳಗಿದ್ದು, ಅವರ ಕ್ರಯಪತ್ರವೇ ಪಟ್ಟಿಯಲ್ಲಿ ಕಾಣದಿದ್ದರೆ ಹುಡುಕಿದ್ದೇ ತಪ್ಪು ಎಂದು ತಿಳಿ. ಕೋರ್ಟಿನಲ್ಲಿರುವ ದಾವೆ, ನೋಂದಣಿಯಾಗದ ವಿಲ್, ನೋಂದಣಿಯಾಗದ ಕರಾರು ಇವು ಸಾಮಾನ್ಯವಾಗಿ ಇಸಿಯಲ್ಲಿ ಸಿಗುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಆದ್ದರಿಂದ ವಕೀಲರಿಂದ ಕೋರ್ಟಿನ ದಾಖಲೆಯನ್ನೂ ನೋಡಿಸು.

ಇನ್ನು ಷೆಡ್ಯೂಲು, ಅಂದರೆ ಆಸ್ತಿಯ ವಿವರ ಬರೆದಿರುವ ಭಾಗ. ಪತ್ರದ ಕೊನೆಯಲ್ಲಿರುತ್ತದೆಂದು ಯಾರೂ ಅದನ್ನು ಗಮನವಿಟ್ಟು ಓದುವುದಿಲ್ಲ, ನನಗೆ ಅತ್ಯಂತ ಬೇಸರದ ಸಂಗತಿ ಅದು. ಹಳೆಯ ಪತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯನ್ನು, ಬೆರಳಿಟ್ಟು ಓದು. ಒಮ್ಮೆ ನನ್ನ ಕೈಗೆ ಬಂದ ಹಳೆಯ ಪತ್ರದಲ್ಲಿ 'ಉತ್ತರಕ್ಕೆ ರಸ್ತೆ' ಎಂದಿತ್ತು, ನಂತರದ್ದರಲ್ಲಿ 'ಉತ್ತರಕ್ಕೆ ಖಾಸಗಿ ಸ್ವತ್ತು' ಎಂದಿತ್ತು. ಉಳಿದ ಮೂರು ದಿಕ್ಕಿನಲ್ಲೂ ಬೇರೆಯವರ ಮನೆಗಳು. ಅಂದರೆ ಕಾಗದದ ಮೇಲೆ ಆ ಮನೆಗೆ ದಾರಿಯೇ ಇರಲಿಲ್ಲ! ಅಳತೆಪಟ್ಟಿ ಹಿಡಿದು ಸ್ಥಳಕ್ಕೆ ಹೋಗಿ ನಾಲ್ಕೂ ಬದಿಯನ್ನು ಅಳೆಯಿಸು. ಅಕ್ಕಪಕ್ಕದವರನ್ನು ಮಾತನಾಡಿಸು.

ಆಸ್ತಿ ಮಾರುವವರ ತಂದೆಯಿಂದ ಬಂದದ್ದಂತೆ, ಇಬ್ಬರು ಸಹೋದರಿಯರೂ ಇದ್ದಾರಂತೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಅವರ ಸಹಿ ಇಲ್ಲದೆ ಅಥವಾ ಅವರು ಬರೆದುಕೊಟ್ಟ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ತಂದೆಯ ಸ್ವಯಾರ್ಜಿತವಾಗಿದ್ದು ಅವರು ವಿಲ್ ಬರೆಯದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ. 'ಮದುವೆಯಲ್ಲಿ ಒಡವೆ ಕೊಟ್ಟಾಗಿದೆ' ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ. ಕಾನೂನು ಹಾಗಿರಲಿ, ಆ ಹೆಣ್ಣುಮಕ್ಕಳಿಗೆ ತಿಳಿಸದೆ ಕೊಂಡ ಮನೆಯಲ್ಲಿ ನೀನು ಒಲೆ ಹೊತ್ತಿಸುವುದು ನನಗೆ ಇಷ್ಟವಿಲ್ಲ. ವಂಶವೃಕ್ಷ ತರಿಸಿಕೊಂಡು ಹೆಸರು ಹೆಸರಿಗೂ ಸಹಿ ಕೇಳು. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆಯೇ ಎಂದು ವಕೀಲರನ್ನು ಕೇಳದೆ ಮುಂದುವರಿಯಬೇಡ.

ಜಿಪಿಎ, ಅಂದರೆ ಮಾಲೀಕರು ಬೇರೆಯವರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ, ಅದರ ಮೇಲೆ ಮಾರುತ್ತೇವೆ ಎಂದರೆ ಬೇಡವೆನ್ನು. ಜಿಪಿಎ, ಕರಾರು, ವಿಲ್ ಸೇರಿಸಿ ಮಾಡಿದ 'ಮಾರಾಟ'ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾಲೀಕರ ಪರವಾಗಿ ಅಧಿಕಾರ ಪಡೆದವರು ಕ್ರಯಪತ್ರಕ್ಕೆ ಸಹಿ ಹಾಕುವುದು ಬೇರೆ ಮಾತು. ಆಗಲೂ ಅಧಿಕಾರ ಕೊಟ್ಟವರು ಬದುಕಿದ್ದಾರೆಯೇ, ಕೊಟ್ಟ ಅಧಿಕಾರವನ್ನು ರದ್ದು ಮಾಡಿದ್ದಾರೆಯೇ ಎಂದು ವಿಚಾರಿಸಬೇಕು.

ಮನೆಯಿರುವ ಜಾಗ ಹಿಂದೆ ಹೊಲವಾಗಿತ್ತೇ? ಹಾಗಿದ್ದರೆ ಭೂಪರಿವರ್ತನೆ ಆದೇಶವನ್ನೂ ಬಡಾವಣೆ ನಕ್ಷೆಯ ಅನುಮೋದನೆಯನ್ನೂ ನೋಡು. ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಯಾರಿಗೆ ಮಂಜೂರಾಗಿತ್ತು ಎಂದು ಕೇಳಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, ಕರ್ನಾಟಕದ 1978ರ ಕಾಯ್ದೆಯ ಪ್ರಕಾರ ಆ ಮಾರಾಟವೇ ಅಸಿಂಧು. ಎಷ್ಟು ಕೈ ಬದಲಾಗಿದ್ದರೂ ಭೂಮಿ ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳಬಹುದು. ಅದು ಅವರ ರಕ್ಷಣೆಗೆಂದೇ ಮಾಡಿದ ಕಾನೂನು. ಆಗಬೇಕಾದ್ದೂ ಹಾಗೆಯೇ.

ಇದೆಲ್ಲ ಸರಿಯಿದ್ದರೆ ಕರಾರು ಪತ್ರ ಬರೆಸು, ನೋಂದಣಿಯನ್ನೂ ಮಾಡಿಸು. ಎಷ್ಟು ದಿನದೊಳಗೆ ಕ್ರಯ, ತಪ್ಪಿದರೆ ಮುಂಗಡದ ಗತಿಯೇನು ಎಂಬುದು ಅದರಲ್ಲಿರಲಿ. ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ತೆರಿಗೆಯನ್ನು ನೀವೇ ಹಿಡಿದು ಕಟ್ಟಬೇಕು. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ ಎಂದು ಯಾರು ಹೇಳಿದರೂ ಒಪ್ಪಬೇಡ. ಕ್ರಯವಾದ ಮೇಲೆ ಖಾತೆ ಬದಲಾವಣೆಯನ್ನು ಮರೆಯಬೇಡ. ಆದರೆ ಖಾತೆಯಿರುವುದು ತೆರಿಗೆಯ ಲೆಕ್ಕಕ್ಕಾಗಿ. ಅದೊಂದನ್ನೇ ತೋರಿಸಿ ಮಾಲೀಕ ಎನ್ನುವವರನ್ನು ನಂಬಲಾಗದು.

ವಕೀಲರನ್ನು ನೀವೇ ಗೊತ್ತುಮಾಡಿಕೊಳ್ಳಿ, ದಲ್ಲಾಳಿ ತೋರಿಸಿದವರು ಬೇಡ. ಬ್ಯಾಂಕಿನ ವಕೀಲರು ಒಪ್ಪಿದ್ದಾರೆಂಬುದೂ ಸಾಲದು, ಅವರು ನೋಡುವುದು ಬ್ಯಾಂಕಿನ ಹಿತವನ್ನು.

ನಾಳೆಯೇ ಟೋಕನ್ ಕೊಡದಿದ್ದರೆ ಬೇರೆಯವರು ಕೊಂಡುಬಿಡುತ್ತಾರೆ ಎಂದು ದಲ್ಲಾಳಿ ಅವಸರ ಮಾಡುತ್ತಿದ್ದಾನಂತೆ. ಕೊಳ್ಳಲಿ ಬಿಡು. ನೀನು ಸಿಕ್ಕಿರುವ ಪತ್ರಗಳ ಪ್ರತಿಗಳನ್ನೂ ವಂಶವೃಕ್ಷವನ್ನೂ ನನಗೆ ಕಳುಹಿಸು. ಓದಿ, ವಕೀಲರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ. ಅಳಿಯಂದಿರಿಗೂ ಈ ಕಾಗದವನ್ನು ಓದಲು ಕೊಡು.

ಇಂತಿ,
ನಿನ್ನ ದೊಡ್ಡಪ್ಪ